ಕುಂಕುಮ ಹಚ್ಚಿಸಿಕೊಂಡ ಪೆಟ್ಟಿಗೆಗಳು

ಮೊನ್ನೆ ಕಾಲೇಜಿಗೆ ಹೊಸ ಕಂಪ್ಯೂಟರುಗಳು ಬಂದವು. ರಟ್ಟಿನ ಪೆಟ್ಟಿಗೆ ಬಿಚ್ಚಿ, ಥರ್ಮಕೋಲು ಕಿತ್ತು, ಕಂಪ್ಯೂಟರ್ ರೂಮಿನ ಮೇಜಿನ ಮೇಲೆ ಸಾಲಾಗಿ ಇಟ್ಟು, ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು ಕಟ್ಟಿದ್ದರು. ಯಾರೋ ಕರ್ಪೂರ ಹಚ್ಚಿದರು. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಕರ್ಪೂರದ ಹೊಗೆ, ಆ ಕೋಣೆಯ ಗೋಡೆಗೆ ಅಂಟಿರುವ ಹಳೇ ಅಕ್ಕಿಮೂಟೆಯ ಮುಗ್ಗಲು ವಾಸನೆ, ಮೂರೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಕೇಸರಿಬಾತಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ವಯಸ್ಸಿನ ಸುಸ್ತಿಗೆ ನಿಂತದ್ದಲ್ಲ. ಮೂಟೆ ಎತ್ತುವ ಕೈ ನನ್ನದು. ಇದೇ ಕೋಣೆಯಲ್ಲಿ, ಇದೇ ವಾಸನೆಯ ನಡುವೆ, ನನ್ನ ಮೊಮ್ಮಗಳು ಎರಡನೇ ಪಿಯುಸಿ ಓದುತ್ತಿದ್ದ ವರ್ಷ ಬಿದ್ದ ಪೆಟ್ಟಿನ ನೋವು ಇನ್ನೂ ಇಳಿದಿಲ್ಲ.

ನಾನು ಇಲ್ಲಿ ಹೈಸ್ಕೂಲು ಮಕ್ಕಳಿಗೆ ಬಿಸಿಯೂಟ ಮಾಡುವವಳು. ಹೈಸ್ಕೂಲೂ ಕಾಲೇಜೂ ಒಂದೇ ಕಾಂಪೌಂಡಿನಲ್ಲಿವೆ, ಕೆಜಿಎಫ್‌ನಲ್ಲಿ, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬೆನ್ನಿಗೆ. ಯಾವ ಕಾಲೇಜು ಅಂತ ಬರೆಯುವುದಿಲ್ಲ. ಗಣಿ ಮುಚ್ಚಿ ಎಷ್ಟು ಕಾಲವಾದರೂ ಆಷಾಢದ ಗಾಳಿಗೆ ದಿಬ್ಬದ ಪುಡಿ ಹಾರಿ ಬಂದು ಅನ್ನದ ಮೇಲೆ ಕೂರುತ್ತದೆ. ಮುಚ್ಚಿದ ಮುಚ್ಚಳ ತೆಗೆಯದೆ, ಸಂದಿಯಲ್ಲಿ ಸೌಟು ಹಾಕಿ ಬಡಿಸಬೇಕು. ಅಡುಗೆಮನೆ ಪಕ್ಕದ ಉಗ್ರಾಣ ಸೋರುತ್ತಿತ್ತು ಅಂತ ಅಕ್ಕಿ, ಬೇಳೆ ಮೂಟೆಗಳನ್ನು ಕಂಪ್ಯೂಟರ್ ರೂಮಿನಲ್ಲಿ ಹಾಕಿಸಿದ್ದರು. ಹಾಗಾಗಿ ಆ ರೂಮಿನ ಬೀಗದ ಕೈ ನನ್ನ ಸೊಂಟದಲ್ಲಿ ಇರುತ್ತಿತ್ತು. ಒಳಗೆ ಗೋಡೆಗೆ ಆನಿಸಿದ ಮೇಜಿನ ಮೇಲೆ ಐದು ಕಂಪ್ಯೂಟರ್, ಪ್ಲಾಸ್ಟಿಕ್ ಹೊದಿಕೆ ಹೊದ್ದುಕೊಂಡು ಕುಳಿತಿದ್ದವು. ಯಾರೂ ಮುಟ್ಟುತ್ತಿರಲಿಲ್ಲ. ವರ್ಷಕ್ಕೊಂದು ಸಲ ಆಯುಧ ಪೂಜೆಗೆ ಹೊದಿಕೆ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಮಂಗಳಾರತಿ ಮಾಡಿ, ಮತ್ತೆ ಹೊದಿಸುತ್ತಿದ್ದೆವು. ಒರೆಸುತ್ತಿದ್ದವಳು ನಾನೇ.

ಮೊಮ್ಮಗಳ ಹೆಸರು ಲಾವಣ್ಯ. ನನ್ನ ಮಗಳು ರತ್ನಳ ಒಬ್ಬಳೇ ಮಗಳು. ಅಳಿಯ ಬಿಟ್ಟು ಹೋದ ಮೇಲೆ ಇಬ್ಬರೂ ನನ್ನ ಜೊತೆಯೇ. ನಮ್ಮೂರು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ ಇದೆ. ರತ್ನ ಕತ್ತಲಲ್ಲೇ ಎದ್ದು ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಬಂಗಾರಪೇಟೆಗೆ ಹೋಗಿ ಬೆಂಗಳೂರಿನ ರೈಲು ಹಿಡಿಯುತ್ತಾಳೆ. ಗಾರ್ಮೆಂಟ್ಸ್ ಕೆಲಸ. ಲಾವಣ್ಯ ಕಾಮರ್ಸ್ ಓದುತ್ತಿದ್ದಳು. ಆ ವರ್ಷ ಜೂನ್‌ನಲ್ಲಿ ಒಂದು ಸಂಜೆ ಮುದ್ದೆ ಮುರಿಯುತ್ತಾ ಹೇಳಿದಳು:

"ಅವ್ವಾ, ನಾನು ಕಂಪ್ಯೂಟರ್ ಸೈನ್ಸು ಕಟ್ತೀನಿ. ಮೇಲಿನ ವಿಷಯ. ಓಪನ್ ಸ್ಕೂಲಲ್ಲಿ ಒಂದೇ ವಿಷಯಾನೂ ಕಟ್ಬೋದಂತೆ."

"ಕಾಲೇಜಲ್ಲಿ ಏಳ್ಕೊಡ್ತಾರಾ?" ಅಂದಳು ರತ್ನ.

"ಇಲ್ಲ. ನಾನೇ ಓದ್ಕೋತೀನಿ."

ರತ್ನ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಇರೋ ವಿಷಯಾನೇ ಪಾಸು ಮಾಡಾಕಾಗ್ದೋರು ಊರ್ ತುಂಬಾ ಅವ್ರೆ. ಇವ್ಳಿಗೆ ಮೇಲೊಂದು ಬೇಕಂತೆ. ಕೇಳ್ದೇನಮ್ಮ?"

ನನಗೆ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಮೇಲಿಂದ ಒಂದು ಹೇರಿಕೊಳ್ಳುವವರನ್ನು ನಾನು ಕಂಡಿದ್ದಿಲ್ಲ.

ಕೊನೆಗೆ ರತ್ನ ಒಂದು ಮಾತು ಕಟ್ಟಿದಳು. "ಅದು ಪಾಸಾದ್ರೆ ಮುಂದಕ್ಕೆ ಓದ್ಕೋ, ನಾನು ಅಡ್ಡ ಬರಾಕಿಲ್ಲ. ಫೇಲಾದ್ರೆ ಮಾತೇ ಇಲ್ಲ, ನನ್ ಜೊತೆ ರೈಲು ಅತ್ತು. ಮಿಷಿನ್ ಮುಂದೆ ಕೂರೋದು ಎರಡೂ ಒಂದೇ."

"ಆಯ್ತು" ಅಂದಳು ಹುಡುಗಿ. ಮುದ್ದೆ ನುಂಗಿದಷ್ಟು ಸುಲಭವಾಗಿ ಒಪ್ಪಿಕೊಂಡಳು.

ಮನೆಯಲ್ಲಿ ಇದ್ದದ್ದು ಒಂದು ಫೋನು, ಅದು ರತ್ನಳ ಜೊತೆ ರೈಲಿನಲ್ಲಿ ಹೋಗುತ್ತಿತ್ತು. ಭಾನುವಾರ ಮಾತ್ರ ಲಾವಣ್ಯಳ ಕೈಗೆ ಸಿಗುತ್ತಿತ್ತು. ಮಿಕ್ಕ ದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಹಳೇದಾಗಿ ಕೊಂಡ ಒಂದು ದಪ್ಪ ಪುಸ್ತಕ, ಅಷ್ಟೇ. ಅಲ್ಲಿನ ಜೆರಾಕ್ಸ್ ಅಂಗಡಿಯವನನ್ನು ಕೇಳಿದ್ದಳಂತೆ, ಒಂದು ಸಲ ಕಂಪ್ಯೂಟರ್ ಮುಟ್ಟಿ ನೋಡಲಾ ಅಂತ. "ಪ್ರಿಂಟು ಬೇಕಾ ಏಳು, ಇಲ್ಲಾಂದ್ರೆ ಓಗು" ಅಂದನಂತೆ. ಕಾಲೇಜಿನ ಪ್ರಿನ್ಸಿಪಾಲರನ್ನು ಕೇಳಿದಳು. "ಒಂದು ಹೋಗಿ ಒಂದಾದ್ರೆ ನಾನು ಜವಾಬು ಹೇಳ್ಬೇಕಮ್ಮ" ಅಂದರು. ನನ್ನ ಸೊಂಟದ ಬೀಗದ ಕೈಯನ್ನು ಅವಳು ನೋಡುತ್ತಿದ್ದಳು, ನಾನು ನೋಡದವಳಂತೆ ಇರುತ್ತಿದ್ದೆ. ಅಕ್ಕಿಗೆ ಅಂತ ಕೊಟ್ಟ ಬೀಗದ ಕೈ, ಅಕ್ಕಿಗೇ.

ಕ್ಲಾಸು ಶುರುವಾಗುವ ಮುಂಚೆ ಅವಳು ಅಡುಗೆಮನೆಯಲ್ಲಿ ಕೂತು ಓದುತ್ತಿದ್ದಳು. ಒಂದು ದಿನ ಅಂದಳು:

"ಅಜ್ಜಿ, ನೀನು ಮಿಷಿನ್ನು. ನಾನು ಏಳಿದ್ದು ಮಾತ್ರ ಮಾಡ್ಬೇಕು. ಸ್ವಂತ ಬುದ್ಧಿ ಉಪಯೋಗಿಸ್ಬಾರ್ದು."

"ಮಿಷಿನ್ನಿಗೆ ಬುದ್ಧಿ ಇಲ್ವಾ?"

"ಇಲ್ಲ. ಏಳಿದ್ದಷ್ಟೇ ಮಾಡುತ್ತೆ."

"ಅಂದ್ರೆ ನಿಮ್ಮಪ್ಪನಿಗಿಂತ ವಾಸಿ. ಅವ್ನು ಏಳಿದ್ದೂ ಮಾಡ್ತಿರ್ಲಿಲ್ಲ."

ಅವಳು ನಗಲಿಲ್ಲ, ಪುಸ್ತಕ ನೋಡಿಕೊಂಡು ಶುರು ಮಾಡಿದಳು. "ಚೊಂಬಲ್ಲಿ ನೀರು ತಗೋ. ಸಾಂಬಾರಿಗೆ ಹಾಕು. ಮತ್ತೆ ಅದೇ ಮಾಡು." ಹಾಕಿದೆ. ಮತ್ತೆ ಹಾಕಿದೆ. ಅವಳು ಪುಸ್ತಕದಲ್ಲಿ ಮುಳುಗಿಹೋದಳು. ನಾನು ಹಾಕುತ್ತಲೇ ಇದ್ದೆ. ಹಂಡೆ ತುಂಬಿತು, ತುಳುಕಿತು, ಒಲೆಯ ಉರಿ ಬುಸ್ಸೆಂದಿತು.

"ಅಜ್ಜೀ! ಸಾಕು! ಸಾಕು!"

"ಸಾಕು ಅಂತ ನೀನು ಮೊದ್ಲು ಏಳಿದ್ದಾ? ಬುದ್ಧಿ ಉಪಯೋಗಿಸ್ಬೇಡ ಅಂದೋಳು ನೀನೇ ಕಣೇ."

ಅವಳು ಒಲೆಯ ಪಕ್ಕ ಕುಸಿದು ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಇದೇ ಅಜ್ಜಿ, ಇದೇ! ಎಲ್ಲಿ ನಿಲ್ಲಿಸ್ಬೇಕು ಅಂತ ಮೊದ್ಲೇ ಏಳ್ಬೇಕು. ಪುಸ್ತಕದಲ್ಲಿ ಮೂರು ದಿನದಿಂದ ಓದ್ತಿದೀನಿ, ಅರ್ಥಾನೇ ಆಗಿರ್ಲಿಲ್ಲ." ನನಗೇನು ಅರ್ಥವಾಯಿತೋ ದೇವರಿಗೇ ಗೊತ್ತು. ಮಧ್ಯಾಹ್ನ ಅಟೆಂಡರ್ ಸೆಲ್ವರಾಜ್ ತಟ್ಟೆ ಹಿಡಿದು ಬಂದವನು ಸಾಂಬಾರಿನಲ್ಲಿ ಸೌಟು ಆಡಿಸಿ ನೋಡಿದ. "ಏನ್ ಪಾಟಿ, ಇದು ಸಾಂಬಾರಾ, ಬೇತಮಂಗಲದ ಕೆರೆಯಾ?" ಅವನು ತಮಿಳಿನವನು, ನನ್ನನ್ನು ಪಾಟಿ, ಅಂದರೆ ಅಜ್ಜಿ, ಅನ್ನುತ್ತಾನೆ. ಗಣಿಯಲ್ಲಿ ದುಡಿದವನ ಮಗ, ಈ ಕಾಂಪೌಂಡಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು.

ಹೀಗೆ ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಹುಡುಗಿ ಕಂಪ್ಯೂಟರನ್ನು ಕೈಯಲ್ಲಿ ಮುಟ್ಟದೆಯೇ ಅದರ ಹೊಟ್ಟೆಯೊಳಗೆ ಎಲ್ಲೆಲ್ಲಿ ಏನೇನಿದೆ ಅಂತ ಬಾಯಿಪಾಠ ಹೇಳುತ್ತಿದ್ದಳು. ಸಂಜೆ ಹಾಲು ಕರೆಯುವಾಗಲೂ ಹಸುವಿಗೆ ಹೇಳುತ್ತಿದ್ದಳು. ಆದರೆ ಬರೆಯುವ ಪರೀಕ್ಷೆಯಲ್ಲದೆ ಕಂಪ್ಯೂಟರ್ ಮುಂದೆ ಕೂತು ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಅದರಲ್ಲಿ ಹೋದರೆ ಎಲ್ಲವೂ ಹೋದಂತೆ. "ಒಂದು ದಿನ ಮುಟ್ಟಿದ್ರೆ ಸಾಕು ಅಜ್ಜಿ, ಒಂದೇ ದಿನ" ಅನ್ನುತ್ತಿದ್ದಳು. ಆಯುಧ ಪೂಜೆಯ ದಿನ ಹೇಗೂ ಹೊದಿಕೆ ತೆಗೆಯುತ್ತಾರೆ, ಎಲ್ಲರ ಎದುರಿಗೆ ಕೇಳಿದರೆ ಪ್ರಿನ್ಸಿಪಾಲರು ಇಲ್ಲ ಅನ್ನಲಾರರು ಅಂತ ಅವಳೇ ಲೆಕ್ಕ ಹಾಕಿದಳು.

ದಸರಾ ರಜೆಗೆ ಮುಂಚೆಯೇ ಕಾಲೇಜಿನಲ್ಲಿ ಪೂಜೆ ಮುಗಿಸಿಬಿಡುತ್ತಾರೆ. ಅವತ್ತು ಬಾಳೆಕಂದು ಕಟ್ಟಿದೆವು, ಬೂದುಗುಂಬಳ ತಂದರು, ಬುಟ್ಟಿ ತುಂಬಾ ಕಡ್ಲೆಪುರಿ. ನಾನು ಐದೂ ಕಂಪ್ಯೂಟರನ್ನು ಒರೆಸಿದೆ. ಹಿಂದಿನ ವರ್ಷಗಳ ಕುಂಕುಮ, ಪರದೆಗಳ ಪಕ್ಕ ನಿಲ್ಲಿಸಿದ ತಗಡಿನ ಡಬ್ಬಗಳ ಮೂಲೆಯಲ್ಲಿ ಕಪ್ಪಗೆ ಕಟ್ಟಿಕೊಂಡಿತ್ತು. ಮಂಗಳಾರತಿ ಆಯಿತು. ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಗ ಲಾವಣ್ಯ ಕೇಳಿಯೇಬಿಟ್ಟಳು.

"ಸಾರ್, ಪೂಜೆ ಆಯ್ತಲ್ಲಾ, ಒಂದ್ಸಲ ಆನ್ ಮಾಡ್ಲಾ?"

ಹುಡುಗ ಹುಡುಗಿಯರೆಲ್ಲ "ಸಾರ್, ಸಾರ್, ಮಾಡ್ಲಿ ಸಾರ್" ಅಂತ ಗಲಾಟೆ ಎಬ್ಬಿಸಿದರು. ಪ್ರಿನ್ಸಿಪಾಲರು ಆ ಕಡೆ ಈ ಕಡೆ ನೋಡಿ "ಒಂದು ನಿಮಿಷ ಮಾತ್ರ" ಅಂದರು. ಅವಳು ವೈರು ಸಿಕ್ಕಿಸಿದಳು. ಯಾವ ವೈರು ಎಲ್ಲಿಗೆ ಅಂತ ತಡವರಿಸಲೂ ಇಲ್ಲ. ಸ್ವಿಚ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು.

"ಕರೆಂಟ್ ಇಲ್ಲ ಅಂತ ಕಾಣುತ್ತೆ" ಅಂದರು ಪ್ರಿನ್ಸಿಪಾಲರು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಹುಡುಗರು ಕಿಸಕ್ಕೆಂದರು.

"ಬಿಚ್ಚಿ ನೋಡ್ಲಾ ಸಾರ್?"

"ಬೇಡ ಬೇಡ" ಅನ್ನುವಷ್ಟರಲ್ಲಿ ನಾನು ಕುಂಬಳಕಾಯಿ ಕುಯ್ಯಲು ತಂದಿದ್ದ ಚಾಕು ಅವಳ ಕೈಗೆ ಕೊಟ್ಟಿದ್ದೆ. ಯಾಕೆ ಕೊಟ್ಟೆನೋ, ಕೈ ತಾನಾಗಿ ಹೋಯಿತು. ಚಾಕುವಿನ ತುದಿಯಲ್ಲಿ ಸ್ಕ್ರೂ ತಿರುಗಿಸಿ ಪಕ್ಕದ ಡಬ್ಬದ ತಗಡು ಎಳೆದಳು.

ಒಳಗೆ ಏನೂ ಇರಲಿಲ್ಲ.

ಹಿಂದೆ ವೈರು ಸಿಕ್ಕಿಸುವ ಸಾಕೆಟ್ಟು ಬಿಟ್ಟರೆ ಬರೀ ತಗಡು. ಒಂದು ಮೂಲೆಯಲ್ಲಿ ಹಿಡಿಯಷ್ಟು ಅಕ್ಕಿ, ನಮ್ಮ ಬಿಸಿಯೂಟದ ಅಕ್ಕಿ, ಇಲಿ ಕೂಡಿಟ್ಟದ್ದು. ಲಾವಣ್ಯ ಆ ಡಬ್ಬದೊಳಗೆ ಕೈ ಹಾಕಿ ಗೋಡೆ ತಡವಿದಳು, ಕುರುಡರು ತಡವುವ ಹಾಗೆ. ಇಲ್ಲಿ ಅದಿರಬೇಕು, ಇಲ್ಲಿ ಇದಿರಬೇಕು ಅಂತ ತುಟಿ ಅಲ್ಲಾಡುತ್ತಿತ್ತು. ಎರಡನೆಯದನ್ನು ಬಿಚ್ಚಿದಳು. ಅದೂ ಖಾಲಿ. ಮಿಕ್ಕ ಮೂರನ್ನು ಎತ್ತಿ ನೋಡಿದಳು, ಅವೂ ಕಡ್ಲೆಪುರಿ ಬುಟ್ಟಿಯಷ್ಟು ಹಗುರ. ಇಷ್ಟು ವರ್ಷ ಮೂಲೆ ಮೂಲೆ ಒರೆಸಿ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡದ್ದು ಖಾಲಿ ಡಬ್ಬಕ್ಕೆ. ನಮ್ಮೂರಲ್ಲಿ ಕಲ್ಲಿಗೆ ಕೈಮುಗಿಯುತ್ತೇವೆ, ಕಲ್ಲಾದರೂ ಒಳಗೆ ಕಲ್ಲೇ ಇರುತ್ತದೆ.

ಪ್ರಿನ್ಸಿಪಾಲರು ಮಕ್ಕಳನ್ನೆಲ್ಲ ಕಡ್ಲೆಪುರಿಗೆ ಅಟ್ಟಿ ಬಾಗಿಲು ಹಾಕಿದರು. ಒಳಗೆ ಅವರು, ನಾನು, ಲಾವಣ್ಯ, ಸೆಲ್ವರಾಜ್.

"ಮುಚ್ಚಮ್ಮ ಅದನ್ನ."

"ಸಾರ್, ಒಳಗಿದ್ದದ್ದು ಯಾರು ತಗೊಂಡೋದ್ರು ಅಂತ..."

"ಮುಚ್ಚು ಅಂದೆ. ದೂರು ಕೊಟ್ರೆ ಮೊದಲನೇ ಪ್ರಶ್ನೆ ಏನು ಬರುತ್ತೆ ಗೊತ್ತಾ? ರೂಮಿನ ಬೀಗದ ಕೈ ಯಾರ ಹತ್ರ ಇತ್ತು ಅಂತ."

ಹೇಳಿದವರು ನನ್ನನ್ನು ನೋಡಲಿಲ್ಲ. ನನ್ನ ಸೊಂಟ ನೋಡಿದರು.

ನನ್ನ ಬಾಯಿ ಸತ್ತಿರಲಿಲ್ಲ. "ಸಾರ್, ನಾನು ಕಳ್ಳಿ ಆಗಿದ್ರೆ ಅಕ್ಕಿ ಕದೀತಿದ್ದೆ. ಅದನ್ನ ಬೇಯಿಸ್ಕೊಂಡು ತಿನ್ಬೋದು. ಇವನ್ನ ಏನ್ ಮಾಡ್ಲಿ, ಒಗ್ಗರಣೆ ಹಾಕ್ಲಾ?"

"ನಾನು ನೀವು ಅನ್ಲಿಲ್ಲ ಮುನಿಯಮ್ಮ. ಜನ ಅಂತಾರೆ ಅಂದೆ."

ಲಾವಣ್ಯ ನನ್ನ ಕಡೆ ಒಂದು ಸಲ ನೋಡಿದಳು. ತಗಡು ಮುಚ್ಚಿದಳು. ಒಂದೊಂದೇ ಸ್ಕ್ರೂ ಹಾಕಿ ಬಿಗಿ ಮಾಡಿದಳು. ಹೊದಿಕೆ ಹೊದಿಸಿದಳು. ಒಂದು ಮಾತು ಆಡಲಿಲ್ಲ. ಡಬ್ಬ ಖಾಲಿ ಇದ್ದದ್ದಕ್ಕಿಂತ ಅದು ನನಗೆ ಜಾಸ್ತಿ ಬಡಿಯಿತು. ಮನೆಯಲ್ಲಿ ಒಂದು ಮಾತಿಗೆ ನಾಲ್ಕು ಮಾತು ಆಡುವ ಹುಡುಗಿ, ನನ್ನಿಂದಾಗಿ ಬಾಯಿ ಹೊಲಿದುಕೊಂಡಿತು.

ಸೆಲ್ವರಾಜ್ ಅಡುಗೆಮನೆಯ ಹಿಂದೆ ಬಂದು ನಿಂತ. ಕಡ್ಲೆಪುರಿ ಕೈಯಲ್ಲಿತ್ತು, ತಿನ್ನುತ್ತಿರಲಿಲ್ಲ.

"ಪಾಟಿ, ಅದು ಇಲ್ಲಿ ಕಳ್ಳತನ ಆಗಿದ್ದಲ್ಲ. ಬರೋವಾಗ್ಲೇ ಹಂಗೇ ಇತ್ತು."

"ಏನಂದೆ?"

"ಬೆಂಗಳೂರಿಂದ ಯಾರೋ ಹಳೇದು ದಾನ ಕೊಟ್ರು. ವ್ಯಾನಿಂದ ಇಳಿಸಿದೋನು ನಾನೇ. ಕಂಕುಳಿಗೆ ಒಂದೊಂದು ಇಟ್ಕೊಂಡು ನಡ್ದೆ. ನಿನ್ ಇಡ್ಲಿ ಪಾತ್ರೆಗಿಂತ ಹಗುರ. ಆಗಿದ್ದ ದೊಡ್ಡ ಸಾರ್‌ಗೆ ಹೇಳ್ದೆ. ಗೆಸ್ಟುಗಳು ಕೇಸರಿಬಾತ್ ತಿಂತಾವ್ರೆ, ಸುಮ್ನಿರು ಅಂದ್ರು. ಅವರಾದ್ಮೇಲೆ ಬಂದೋರೆಲ್ಲ ಹೊದಿಕೆ ಮೇಲಿಂದ್ಲೇ ಎಣಿಸಿ ಚಾರ್ಜ್ ತಗೊಂಡ್ರು. ಬಿಚ್ಚಿದೋನ ತಲೆಗೆ ಬರುತ್ತಲ್ಲ ಪಾಟಿ, ಯಾರು ಬಿಚ್ತಾರೆ?"

"ಗೊತ್ತಿದ್ದೂ ವರ್ಷಾ ವರ್ಷಾ ನನ್ ಕೈಯಲ್ಲಿ ಕುಂಕುಮ ಹಚ್ಚಿಸ್ದೇನಯ್ಯ? ತೆಂಗಿನಕಾಯಿ ಒಡೆದೋನು ನೀನೇ ಅಲ್ವಾ?"

"ಸಾಮಿ ಅಂತ ಒಡೆದೆ ಪಾಟಿ" ಅಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬೀಗದ ಕೈ ತೆಗೆದುಕೊಂಡು ಹೋಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟೆ. "ಇನ್ಮೇಲೆ ಇದು ನಿಮ್ಮತ್ರಾನೇ ಇರ್ಲಿ ಸಾರ್. ಅಕ್ಕಿ ಬೇಕಾದಾಗ ಬಂದು ಬೀಗ ತೆಗೀರಿ. ಆಗಲ್ಲಾಂದ್ರೆ ಮೂಟೆಗಳನ್ನ ವರಾಂಡದಾಗೆ ಹಾಕ್ತೀನಿ. ನೋಡೋರು ಕೇಳ್ಲಿ, ಯಾಕೆ ಹೊರಗೆ ಬಂತು ಅಂತ." ಅವರಿಗೆ ಬೆವರು ಕಿತ್ತುಕೊಂಡಿತು. ಅವತ್ತಿಂದ ಆ ಮನುಷ್ಯ ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆದು, ನಾನು ಅಕ್ಕಿ ಅಳೆದುಕೊಳ್ಳುವ ತನಕ ನಿಂತಿದ್ದು, ಬೀಗ ಹಾಕಿಕೊಂಡು ಹೋಗುತ್ತಿದ್ದರು. ಬೇಕೆಂದೇ ನಿಧಾನವಾಗಿ ಅಳೆಯುತ್ತಿದ್ದೆ.

ಲಾವಣ್ಯಳಿಗೆ ಹೇಳಿದೆ: "ಈಗ ಬೀಗದ ಕೈ ನನ್ನತ್ರ ಇಲ್ಲ. ಯಾರಿಗೆ ಏಳ್ಬೇಕೋ ಏಳ್ಕೋ ಓಗು. ನನ್ ಮುಖ ನೋಡ್ಬೇಡ."

"ಪರೀಕ್ಷೆ ಆಗ್ಲಿ ಅಜ್ಜಿ" ಅಂದಳು. ಮತ್ತೆ ಪುಸ್ತಕ ತೆಗೆದಳು. ಮುಟ್ಟುವ ಆಸೆಯನ್ನು ಮಾತ್ರ ಬಿಟ್ಟುಬಿಟ್ಟಳು, ಅದರ ಸುದ್ದಿಯನ್ನೇ ಎತ್ತಲಿಲ್ಲ. ಅವರೆಕಾಯಿ ಕಾಲ ಬಂತು, ಹೋಯಿತು. ಬಿಸಿಲು ಏರುವ ಹೊತ್ತಿಗೆ ಬರೆಯುವ ಪರೀಕ್ಷೆ ಮುಗಿಯಿತು, ಮಾಡಿ ತೋರಿಸುವುದು ಉಳಿಯಿತು.

ಅದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. ರತ್ನಳಿಗೆ ರಜೆ ಸಿಗಲಿಲ್ಲ. ನಾನು ಹೋದೆ. ಬಂಗಾರಪೇಟೆಯಿಂದ ರತ್ನ ಹತ್ತುವ ರೈಲಿಗೇ ಹತ್ತಿದೆವು. ಕಾಲಿಡಲು ಜಾಗವಿರಲಿಲ್ಲ. ಎಲ್ಲ ಅವಳಂಥವರೇ, ನಿಂತೇ ನಿದ್ದೆ ಮಾಡುವ ಹೆಂಗಸರು. ಲಾವಣ್ಯ ಅವರನ್ನೇ ನೋಡುತ್ತಿದ್ದಳು. ಇಳಿಯುವಾಗ ರತ್ನ ಮಗಳ ಜಡೆ ಸರಿಮಾಡಿ, "ಎದ್ರುಕೋಬೇಡ. ಆಗ್ಲಿಲ್ಲಾಂದ್ರೆ ಇಲ್ಲೇ ಐತಲ್ಲ, ನಮ್ ರೈಲು" ಅಂದಳು. ಸಮಾಧಾನಕ್ಕೆ ಅಂದದ್ದು. ಹುಡುಗಿಯ ಮುಖ ಬಿಳಚಿಕೊಂಡಿತು.

ಪರೀಕ್ಷೆಯ ಕೋಣೆಯ ಕಿಟಕಿ ತೆರೆದಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಲಾವಣ್ಯ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಬೇರೆ ಯಾರೂ ಬಿಟ್ಟಿರಲಿಲ್ಲ. ಮೇಜು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕೂರಲಿಲ್ಲ. ಬಗ್ಗಿ, ಪಕ್ಕದ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು.

"ಏಯ್! ಏನಮ್ಮ ಮಾಡ್ತಿದೀಯ? ಇಳಿಸು!" ಅಂತ ಪರೀಕ್ಷೆ ನಡೆಸುವ ಮೇಡಂ ಓಡಿ ಬಂದರು.

"ತೂಕ ನೋಡ್ದೆ ಮೇಡಂ."

"ತೂಕಾನಾ?"

"ನಮ್ ಕಾಲೇಜಿಂದು ಖಾಲಿ ಇತ್ತು ಮೇಡಂ. ಐದೂ ಖಾಲಿ. ಪೂಜೆ ಮಾಡಿ ಇಟ್ಟಿದ್ರು." ಸುತ್ತ ಇದ್ದ ಮಕ್ಕಳು ಗೊಳ್ಳೆಂದು ನಕ್ಕರು. ಅವಳು ಅಳಲಿಲ್ಲ. "ಇದು ಭಾರ ಇದೆ" ಅಂದಳು, ಒಳ್ಳೇ ಸುದ್ದಿ ಹೇಳುವ ಹಾಗೆ.

ಮೇಡಂ ನಗಲಿಲ್ಲ. ಯಾವ ಕಾಲೇಜು ಅಂತ ಕೇಳಿದರು. ಲಾವಣ್ಯ ಹೆಸರು ಹೇಳಿದಳು, ಜೋರಾಗಿ, ಇಡೀ ಕೋಣೆಗೆ ಕೇಳುವ ಹಾಗೆ.

ಸ್ವಿಚ್ ಒತ್ತಿದಳು. ಒಳಗಿಂದ ಗುಂಯ್ ಅಂದದ್ದಕ್ಕೆ ಹಿಂದಕ್ಕೆ ಹಾರಿದಳು. ಪರದೆ ಬೆಳಗಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಮಿಕ್ಕವರ ಕೈ ಸೋನೆಮಳೆಯ ಹಾಗೆ ಓಡುತ್ತಿತ್ತು. ಒಬ್ಬೊಬ್ಬರೇ ಮುಗಿಸಿ ಎದ್ದರು. ಇವಳು ಒತ್ತುತ್ತಲೇ ಇದ್ದಳು. ರೈಲಿನ ಹೆಂಗಸರು ನನ್ನ ಕಣ್ಣ ಮುಂದೆ ಬಂದರು. ಕೊನೆಗೆ ಏನೋ ಒತ್ತಿದಳು ನೋಡಿ, ಪರದೆಯ ತುಂಬಾ ಅಂಕಿಗಳು ಸುರಿಯತೊಡಗಿದವು. ಕೆಳಗಿಂದ ಮೇಲಕ್ಕೆ, ನಿಲ್ಲದೆ, ಓಡುತ್ತಲೇ ಇವೆ.

"ಅಜ್ಜೀ, ಸಾಕು!" ಅಂತ ಕಿರುಚಿದಳು.

ನಾನು ಕಟ್ಟೆಯಿಂದ ಎದ್ದು ನಿಂತೇಬಿಟ್ಟೆ, ಕೈಯಲ್ಲಿ ಚೊಂಬು ಇದೆಯೇನೋ ಅನ್ನುವ ಹಾಗೆ. ಅವಳು ಕಿಟಕಿಯ ಕಡೆ ತಿರುಗಿದಳು. ನನ್ನನ್ನು ನೋಡಿ ಅವಳ ಮುಖ ತಟ್ಟನೆ ತಿಳಿಯಾಯಿತು. ಅಂಕಿಗಳನ್ನು ನಿಲ್ಲಿಸಿದಳು. ಎಲ್ಲಿ ಸಾಕು ಅನ್ನುವ ಒಂದು ಸಾಲನ್ನು ಸೇರಿಸಿದಳು. ಮತ್ತೆ ಓಡಿಸಿದಳು. ಅಂಕಿಗಳು ಬಂದವು, ನಿಲ್ಲಬೇಕಾದಲ್ಲಿ ನಿಂತವು.

ಪಾಸಾದಳು. ಮಾಡಿ ತೋರಿಸಿದ್ದರಲ್ಲಿ ಅಂಚಿನಲ್ಲಿ ದಾಟಿದ್ದಳು, ಬರೆದದ್ದರಲ್ಲಿ ಬಹಳ ಮೇಲಿದ್ದಳು. ರತ್ನ ಫೋನನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡಿ, "ಮುಟ್ದೇನೇ ಕಲ್ತ್ಯೇನೇ?" ಅಂದಳು. ಕೊಟ್ಟ ಮಾತು ಉಳಿಸಿಕೊಂಡಳು. ಹುಡುಗಿ ಈಗ ಕೋಲಾರದಲ್ಲಿ ಮುಂದಕ್ಕೆ ಓದುತ್ತಿದ್ದಾಳೆ. ಆ ಮೇಡಂ ಯಾರ ಕಿವಿಗೆ ಹಾಕಿದರೋ, ನಮ್ಮ ಕಾಲೇಜಿಗೆ ಜನ ಬಂದು ಹೊದಿಕೆ ತೆಗೆದು ನೋಡಿ ಹೋದರು. ಪ್ರಿನ್ಸಿಪಾಲರು ಬೇರೆ ಕಡೆಗೆ ಹೋದರು. ಆ ಐದು ಡಬ್ಬ ಗುಜರಿಗೆ ಹೋದವು, ಕುಂಕುಮದ ಸಮೇತ.

ಅದಾದ ಮೇಲೆ ಮೊನ್ನೆ ಬಂದದ್ದು ಈ ಹೊಸವು. ಪೇಟ ಸುತ್ತಿಸಿಕೊಂಡ ಗೆಸ್ಟು ತ‍ಟ್ಟೆಯಿಂದ ಕತ್ತರಿ ಎತ್ತಿಕೊಂಡಿದ್ದರು. ಫೋಟೋದವನು ಒಂದು ಕಣ್ಣು ಮುಚ್ಚಿದ್ದ. ನಾನು ಕೇಸರಿಬಾತಿನ ತಟ್ಟೆಯನ್ನು ಸೆಲ್ವರಾಜ್ ಕೈಗೆ ಕೊಟ್ಟು, ಬಗ್ಗಿ, ಟೇಪಿನ ಅಡಿಯಿಂದ ಒಳಗೆ ನುಗ್ಗಿದೆ.

"ಅಜ್ಜಿ, ಏನ್ರೀ ಇದು, ಬನ್ನಿ ಈಚೆಗೆ!" ಅಂದರು ಹೊಸ ಪ್ರಿನ್ಸಿಪಾಲರು. ಸೆಲ್ವರಾಜ್ ಮಾತ್ರ ಸುಮ್ಮನೆ ಬಾಯಿಗೆ ಕೈ ಇಟ್ಟುಕೊಂಡ.

ಮೊದಲನೆಯದರ ಡಬ್ಬಕ್ಕೆ ಒಂದು ಕೈ ಹಾಕಿದೆ, ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ, ದಮ್ಮು ಕಟ್ಟಿ ಎತ್ತಿದೆ. ಸೊಂಟ ಲಟಕ್ಕೆಂದಿತು. ನಡುವಿನದನ್ನು ಎತ್ತಿದೆ. ಸಾಲಿನ ಕೊನೆಯದನ್ನೂ ಬಿಡಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ತಿರುಗಿದೆ.

"ಹೂಂ, ಕತ್ತರಿಸಿ" ಅಂದೆ.